ಹಿಂಜರಿದವರು ಯಾರು?

ಕೊರೋನಾ ಕಾಲದಲ್ಲಿ ನಮ್ಮ ಮೊಹಲ್ಲಾಗಳ ಬಗ್ಗೆ ಹುಟ್ಟಿಕೊಂಡ ಒಂದು ಮಾತು ಇಂದಿಗೂ ಸತ್ತಿಲ್ಲ. ‘ಅವರು ಲಸಿಕೆ ಹಾಕಿಸಿಕೊಳ್ಳುವುದಿಲ್ಲ’ ಎಂಬ ಮಾತು ಅದು. ಟೀವಿಯವರು ಅದನ್ನು ಕಿರುಚಿ ಹೇಳಿದರು. ಅಧಿಕಾರಿಗಳು ಮರ್ಯಾದೆಯಿಂದ ‘ಲಸಿಕೆ ಹಿಂಜರಿಕೆ’ ಎಂದರು. ನಮ್ಮಲ್ಲೇ ನಾಲ್ಕಕ್ಷರ ಕಲಿತವರು ‘ನಮ್ಮ ಜನ ಜಾಹಿಲರು ಸ್ವಾಮಿ’ ಎಂದು ಅದಕ್ಕೆ ರುಜು ಹಾಕಿದರು. ರುಜು ಹಾಕಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಬರಹ ಇನ್ನೊಬ್ಬರ ಮೇಲಿನ ದೂರು ಮಾತ್ರ ಅಲ್ಲ.

ನನ್ನ ಖಾಲಾಗೆ ಆಗ ಅರವತ್ತನಾಲ್ಕು. ರೇಷ್ಮೆ ಪಟ್ಟಣವೊಂದರಲ್ಲಿ ನಲವತ್ತು ವರ್ಷ ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚಿದವರು. ಬೆರಳ ತುದಿಗಳು ಬೆಂದು ಬೆಂದು ಆಧಾರ್ ಯಂತ್ರಕ್ಕೆ ಅವರ ಗುರುತೇ ಸಿಗುತ್ತಿರಲಿಲ್ಲ. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಎಂದು ಸರ್ಕಾರ ಸಾರಿದಾಗ ಅವರು ಯಾರನ್ನೂ ಕೇಳಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು, ಬುರ್ಖಾ ಹಾಕಿಕೊಂಡು ಮೂರು ಕಿಲೋಮೀಟರ್ ದೂರದ ಸರ್ಕಾರಿ ಆಸ್ಪತ್ರೆಗೆ ನಡೆದರು. ಅಲ್ಲಿ ಮೊಬೈಲ್ ನಂಬರ್ ಕೇಳಿದರು. ಅವರ ಬಳಿ ಮೊಬೈಲ್ ಇರಲಿಲ್ಲ. ಲಾರಿ ಮೇಲೆ ಹೋಗಿದ್ದ ಮಗನ ನಂಬರ್ ಬಾಯಿಪಾಠ ಇರಲಿಲ್ಲ. ವಾಪಸು ಬಂದರು.

ವಾರದ ನಂತರ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಮತ್ತೆ ಹೋದರು. ಮಧ್ಯಾಹ್ನ ಮೂರರ ಹೊತ್ತು. ಅಲ್ಲಿ ಕಾದಿದ್ದವರು ಇವರೂ ಸೇರಿ ಆರು ಜನ. ‘ಒಂದು ಬಾಟಲಿ ಒಡೆದರೆ ಹತ್ತು ಜನಕ್ಕೆ ಆಗಬೇಕಮ್ಮ, ನಾಳೆ ಬನ್ನಿ’ ಎಂದು ಸಿಸ್ಟರ್ ಹೇಳಿದರು. ಆ ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಮುಚ್ಚಳ ತೆರೆದ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಇಲ್ಲವಾದರೆ ಚೆಲ್ಲಬೇಕು. ಚೆಲ್ಲಬಾರದು ಎಂದು ಮೇಲಿನಿಂದ ಅಪ್ಪಣೆ. ಖಾಲಾಗೆ ‘ನಾಳೆ’ ಎಂದರೆ ಇನ್ನೊಂದು ಅರ್ಧ ದಿನದ ಕೂಲಿ. ಅವರು ಮೂರನೇ ಸಲ ಹೋದದ್ದು ಏಪ್ರಿಲ್ ಕೊನೆಯಲ್ಲಿ, ರೋಜಾ ಇಟ್ಟುಕೊಂಡೇ. ಆಗ ಬಾಗಿಲಲ್ಲಿ ‘ಲಸಿಕೆ ದಾಸ್ತಾನು ಇಲ್ಲ’ ಎಂಬ ಹಾಳೆ ಅಂಟಿಸಿತ್ತು. ಈದ್ ಕಳೆದ ಒಂಬತ್ತನೇ ದಿನ ಖಾಲಾ ತೀರಿಕೊಂಡರು. ಆಸ್ಪತ್ರೆಯಲ್ಲಿ ತುಂಬಿದ ಕಾಗದದಲ್ಲಿ ಲಸಿಕೆ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದುಕೊಂಡರು. ಲೆಕ್ಕದ ಪ್ರಕಾರ ಅವರು ಲಸಿಕೆ ಹಾಕಿಸಿಕೊಳ್ಳದ ಮುಸ್ಲಿಂ ಹೆಂಗಸು. ಮೂರು ಸಲ ನಡೆದವರನ್ನು ಹಿಂಜರಿದವರು ಎನ್ನುವುದಾದರೆ, ಹಿಂಜರಿಕೆ ಎಂಬ ಪದಕ್ಕೆ ನಾವು ಬೇರೆ ಅರ್ಥಕೋಶ ಬರೆಯಬೇಕಾಗುತ್ತದೆ.

ಲಸಿಕಾ ಕೇಂದ್ರ ಎಂದರೆ ಏನು? ಸರ್ಕಾರದ ಪುಸ್ತಕದ ಪ್ರಕಾರ ಮೂರು ಕೋಣೆ. ಒಂದರಲ್ಲಿ ಕಾಯುವುದು, ಒಂದರಲ್ಲಿ ಚುಚ್ಚುವುದು, ಇನ್ನೊಂದರಲ್ಲಿ ಅರ್ಧ ಗಂಟೆ ಕೂರಿಸಿ ನೋಡಿಕೊಳ್ಳುವುದು. ಐದು ಜನರ ತಂಡ, ಎರಡರಿಂದ ಎಂಟು ಡಿಗ್ರಿ ತಣ್ಣಗಿಡುವ ಪೆಟ್ಟಿಗೆ, ಒಂದು ಕಂಪ್ಯೂಟರ್. ಇಷ್ಟೇ. ಇದು ಆಸ್ಪತ್ರೆಯೇ ಆಗಬೇಕೆಂದಿಲ್ಲ. ಶಾಲೆಯಾದರೂ ಸರಿ, ಶಾದಿ ಮಹಲಾದರೂ ಸರಿ. ಹಾಗಿದ್ದ ಮೇಲೆ ಆ ಮೇಜನ್ನು ಎಲ್ಲಿ ಹಾಕಬೇಕು, ಯಾವ ಹೊತ್ತಿಗೆ ತೆರೆಯಬೇಕು, ಹೆಸರನ್ನು ಹೇಗೆ ಬರೆದುಕೊಳ್ಳಬೇಕು ಎಂಬ ಮೂರು ತೀರ್ಮಾನಗಳಲ್ಲಿಯೇ ಯಾರಿಗೆ ಲಸಿಕೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದು ಮುಗಿದುಹೋಗಿರುತ್ತದೆ. ಚುಚ್ಚುವ ಸೂಜಿ ಎಲ್ಲರಿಗೂ ಒಂದೇ. ಅದರ ಮುಂದಿನ ಕುರ್ಚಿಗೆ ಬರುವ ದಾರಿ ಒಂದೇ ಅಲ್ಲ.

2021ರ ಮೇ 1ರಿಂದ ಹದಿನೆಂಟು ದಾಟಿದವರಿಗೂ ಲಸಿಕೆ ಎಂದಾಗ ಆ ದಾರಿಯನ್ನು ಇನ್ನಷ್ಟು ಕಿರಿದು ಮಾಡಿದರು. ನಲವತ್ತೈದರೊಳಗಿನವರು ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಲೇಬೇಕು ಎಂದರು. ಕೋವಿನ್ ಆಗ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅದು ಬಾಯಿ ತೆರೆದದ್ದು ಜೂನ್‌ನಲ್ಲಿ. ಐಟಿ ಹುಡುಗರು ಕಂಪ್ಯೂಟರಿನ ಮುಂದೆ ಕೂತು ಬೆರಳು ಚಿಟಿಕೆ ಹೊಡೆಯುವುದರೊಳಗೆ ಜಾಗ ಹಿಡಿಯುತ್ತಿದ್ದರು. ಪಂಕ್ಚರ್ ಹಾಕುವ ಹುಡುಗ ಒಟಿಪಿ ಹುಡುಕುವುದರೊಳಗೆ ಜಿಲ್ಲೆಯ ಅಷ್ಟೂ ಜಾಗ ತುಂಬಿರುತ್ತಿತ್ತು. ಬೆಂಗಳೂರಿನವರು ಚಿಕ್ಕಬಳ್ಳಾಪುರದ ಹಳ್ಳಿಗಳಿಗೆ ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದ ಸುದ್ದಿಗಳನ್ನು ನಾವೇ ಓದಿದೆವು. ಮೇ ನಡುವಿನಲ್ಲಿ ದಾಸ್ತಾನಿಲ್ಲದೆ ಕರ್ನಾಟಕ ಸರ್ಕಾರವೇ ಈ ವಯಸ್ಸಿನವರ ಲಸಿಕೆಯನ್ನು ನಿಲ್ಲಿಸಬೇಕಾಯಿತು. ಅದೇ ತಿಂಗಳು ಕೆಲವು ಖಾಸಗಿ ಆಸ್ಪತ್ರೆಗಳು ಸ್ಟಾರ್ ಹೋಟೆಲುಗಳ ಜೊತೆ ಸೇರಿ, ಕೋಣೆ ಊಟ ತಿಂಡಿಯ ಜೊತೆಗೆ ಲಸಿಕೆಯನ್ನೂ ಪ್ಯಾಕೇಜ್ ಮಾಡಿ ಮಾರತೊಡಗಿದವು. ಇದು ನಿಯಮಕ್ಕೆ ವಿರುದ್ಧ, ನಿಲ್ಲಿಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯವೇ ಮೇ 29ರಂದು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಹೋಟೆಲಿನ ಲಿಫ್ಟಿನವರೆಗೆ ಹೋಗಲು ಗೊತ್ತಿದ್ದ ಲಸಿಕೆಗೆ ನಮ್ಮ ಗಲ್ಲಿಯ ದಾರಿ ಗೊತ್ತಿರಲಿಲ್ಲ.

ಇದು ನನ್ನಂಥ ಕತೆಗಾರನ ಭಾವುಕತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬರೀ ಡಿಜಿಟಲ್ ಬಾಗಿಲಿಂದ ಲಸಿಕೆ ಕೊಟ್ಟರೆ ಬಡವರು ಹೊರಗೆ ಉಳಿಯುತ್ತಾರೆ ಎಂಬ ಆತಂಕವನ್ನು 2021ರ ಮೇ 31ರ ತನ್ನ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹದಿನೆಂಟರಿಂದ ನಲವತ್ತನಾಲ್ಕರವರೆಗಿನವರು ದುಡ್ಡು ಕೊಟ್ಟು ಪಡೆಯಬೇಕೆಂಬ ನೀತಿ ಮೇಲ್ನೋಟಕ್ಕೇ ವಿವೇಚನೆಯಿಲ್ಲದ್ದು ಎಂದಿತು. ಜೂನ್ 21ರಿಂದ ಕೇಂದ್ರವೇ ಎಲ್ಲರ ಲಸಿಕೆಯ ಹೊಣೆ ಹೊತ್ತಿತು. ಅದಕ್ಕೂ ಮೊದಲು ಮೇ 27ರಂದು ಅದೇ ಆರೋಗ್ಯ ಸಚಿವಾಲಯ, ವೃದ್ಧರಿಗೂ ಅಂಗವಿಕಲರಿಗೂ ಮನೆ ಹತ್ತಿರವೇ ಕೇಂದ್ರ ಮಾಡಿ, ಸಮುದಾಯ ಭವನ, ಪಂಚಾಯಿತಿ ಕಟ್ಟಡ, ಶಾಲೆಗಳನ್ನು ಬಳಸಿ ಎಂದು ಸೂಚನೆ ಹೊರಡಿಸಿತ್ತು. ಅಂದರೆ ಸರ್ಕಾರಕ್ಕೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಎರಡನೇ ಅಲೆ ಉಕ್ಕಿ ಹರಿದು, ಹೆಣಗಳನ್ನು ಎಣಿಸಿದ ಮೇಲೆ ಗೊತ್ತಾಯಿತು.

‘ಕೊನೆಗೆ 220 ಕೋಟಿಗೂ ಹೆಚ್ಚು ಡೋಸ್ ಕೊಟ್ಟಿಲ್ಲವೇ? ಇನ್ನೇನು ನಿಮ್ಮ ಗೋಳು?’ ಎಂದು ಕೇಳುವ ಗೆಳೆಯರಿದ್ದಾರೆ. ಕೊಟ್ಟಿದ್ದಾರೆ. ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ನಡೆದ ಆಶಾ ಕಾರ್ಯಕರ್ತೆಯರಿಗೆ, ಸಿಸ್ಟರ್‌ಗಳಿಗೆ ನಾನು ತಲೆಬಾಗುತ್ತೇನೆ. 2021ರ ಸೆಪ್ಟೆಂಬರ್ 17ರಂದು, ಪ್ರಧಾನಿಯವರ ಹುಟ್ಟುಹಬ್ಬದ ದಿನ, ದೇಶದಲ್ಲಿ ಒಂದೇ ದಿನಕ್ಕೆ ಎರಡೂವರೆ ಕೋಟಿ ಡೋಸ್ ಕೊಟ್ಟರು. ಅವತ್ತಿನ ಲಸಿಕಾ ಮೇಳದಲ್ಲಿ ಕರ್ನಾಟಕವೂ ಮುಂಚೂಣಿಯಲ್ಲಿತ್ತು. ಮನಸ್ಸು ಮಾಡಿದರೆ ಇಷ್ಟು ಸಾಧ್ಯ ಎಂದು ಅದು ತೋರಿಸಿತು. ಆದರೆ ಲಸಿಕೆಯ ಮಟ್ಟಿಗೆ ‘ಎಷ್ಟು’ ಎಂಬ ಪ್ರಶ್ನೆಯ ಜೊತೆ ‘ಯಾವಾಗ’, ‘ಮೊದಲು ಯಾರಿಗೆ’ ಎಂಬ ಪ್ರಶ್ನೆಗಳೂ ಇವೆ. ಸೆಪ್ಟೆಂಬರಿನ ಮೇಳಕ್ಕೆ ಮೇ ತಿಂಗಳ ಖಾಲಾ ಬರಲಾರರು.

ಇನ್ನು ನಮ್ಮ ಮನೆಯೊಳಗಿನ ಮಾತು.

ಹೆದರಿಕೆ ಇರಲೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇತ್ತು. ಲಸಿಕೆಯಲ್ಲಿ ಹಂದಿಯ ಕೊಬ್ಬಿದೆ, ಮಕ್ಕಳಾಗುವುದಿಲ್ಲ, ಎರಡು ವರ್ಷಕ್ಕೆ ಸಾಯುತ್ತೀರಿ ಎಂಬ ವಾಟ್ಸಾಪ್ ಉಪನ್ಯಾಸಗಳು ನಮ್ಮ ಗಲ್ಲಿಗಳಲ್ಲಿ ಓಡಾಡಿದವು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗಲೂ ಇದೇ ಮಾತು ಓಡಾಡಿತ್ತು. ಕೋವಿಶೀಲ್ಡ್‌ನಲ್ಲಾಗಲಿ ಕೋವ್ಯಾಕ್ಸಿನ್‌ನಲ್ಲಾಗಲಿ ಹಂದಿಯ ಪದಾರ್ಥ ಯಾವುದೂ ಇಲ್ಲ. ತೋಳಿಗೆ ಚುಚ್ಚಿಸಿಕೊಂಡರೆ ರೋಜಾ ಮುರಿಯುವುದಿಲ್ಲ ಎಂದು ಸೌದಿಯ ಮಹಾ ಮುಫ್ತಿ ಮೊದಲುಗೊಂಡು ಅನೇಕ ಉಲೇಮಾಗಳು ಹೇಳಿದ್ದರು. ಆ ಮಾತು ನಮ್ಮ ಜುಮಾ ಖುತ್ಬಾಗಳಲ್ಲಿ ಎಷ್ಟು ಕಡೆ ಕೇಳಿಸಿತು? ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಎಂಬ ಪ್ರವಾದಿಯವರ ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ಒಂಟೆ ಕಟ್ಟುವ ಹಗ್ಗ ಊರಿನ ಆಸ್ಪತ್ರೆಗೆ ಬಂದಾಗ ಮಾತ್ರ ನಮ್ಮ ಎಷ್ಟೋ ಖತೀಬರು ಕಬರ್ ಅಜಾಬಿನ ಬಗ್ಗೆ ಬಯಾನ್ ಮಾಡುತ್ತಿದ್ದರು.

ಈ ಹೆದರಿಕೆ ಆಕಾಶದಿಂದ ಉದುರಿದ್ದೂ ಅಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಬಡವರನ್ನು ಹಿಡಿದೊಯ್ದು ಮಾಡಿದ ಕತೆಗಳು ಅಜ್ಜಿಯರ ಬಾಯಲ್ಲಿ ಉಳಿದವು. ಪೌರತ್ವದ ಕಾಗದ ಕೇಳುತ್ತಾರೆ ಎಂಬ ಭಯ ಹಸಿಯಾಗಿದ್ದಾಗಲೇ ಕೊರೋನಾ ಬಂತು. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ, ಜ್ವರ ಕೆಮ್ಮಿನ ಲೆಕ್ಕ ಬರೆಯಲು ಬಂದ ಆಶಾ ಕಾರ್ಯಕರ್ತೆಯರನ್ನು ಎನ್‌ಆರ್‌ಸಿಯವರೆಂದು ಸಂಶಯಿಸಿ ಸುತ್ತುವರಿದು ಎಳೆದಾಡಿದ ಘಟನೆ ನಡೆಯಿತು. ಭಯಕ್ಕೆ ಕಾರಣವಿತ್ತು. ಆದರೆ ಅದರ ಹೊಡೆತ ತಿಂದದ್ದು ಸರ್ಕಾರವಲ್ಲ, ಅಲ್ಪ ಗೌರವಧನಕ್ಕೆ ನಮ್ಮ ಮನೆ ಬಾಗಿಲಿಗೆ ಬರುವ ಬಡ ಹೆಣ್ಣುಮಗಳು. ಇದಕ್ಕೆ ನಾವು ನಾಚಬೇಕು. ‘ಆದರೆ’ ಸೇರಿಸದೆ ನಾಚಬೇಕು.

ಹಾಗೆಯೇ ಇನ್ನೊಂದು ಬದಿಯ ಲೆಕ್ಕವನ್ನೂ ಮರೆಯಬಾರದು. ತಬ್ಲೀಗಿನ ನೆಪದಲ್ಲಿ ಒಂದು ಇಡೀ ಸಮುದಾಯವನ್ನು ರೋಗ ಹರಡುವವರೆಂದು ಟೀವಿಗಳು ಸಾರಿದವು. ಅವರನ್ನು ಬಲಿಪಶು ಮಾಡಲಾಗಿದೆ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲಿ ಹೇಳುವ ಹೊತ್ತಿಗೆ ತರಕಾರಿ ಮಾರುವವನ ಗಾಡಿ ಉರುಳಿಯಾಗಿತ್ತು. 2021ರ ಮೇ 4ರಂದು ಬೆಂಗಳೂರಿನ ಕೋವಿಡ್ ವಾರ್ ರೂಮಿನಲ್ಲಿ ಸಂಸದರೊಬ್ಬರು, ಅಲ್ಲಿ ಕೆಲಸ ಮಾಡುತ್ತಿದ್ದ ಇನ್ನೂರರಷ್ಟು ಜನರ ಪೈಕಿ ಬರೀ ಮುಸ್ಲಿಂ ಹೆಸರುಗಳನ್ನು ಓದಿದರು. ಆ ಹುಡುಗರು ಮಾಡುತ್ತಿದ್ದುದು ಹೊಟ್ಟೆಪಾಡಿನ ಕೆಲಸ. ಇದೆಲ್ಲ ನಡೆಯುತ್ತಿದ್ದಾಗ ನಮ್ಮ ಹುಡುಗರು ಹಿಂದೂಗಳ ಹೆಣವನ್ನು ಸ್ಮಶಾನಕ್ಕೂ, ಮುಸ್ಲಿಮರ ಮಯ್ಯತ್ತನ್ನು ಖಬರಸ್ತಾನಕ್ಕೂ ಹೊರುತ್ತಿದ್ದರು. ಆ ವಿಡಿಯೋ ನೋಡಿದ ರಾತ್ರಿ ನಮ್ಮ ಮೊಹಲ್ಲಾದ ಸ್ವಯಂಸೇವಕ ಹುಡುಗನೊಬ್ಬ ನನ್ನ ಬಳಿ ಬಂದು, ‘ಅಣ್ಣಾ, ಕೇಂದ್ರದಲ್ಲಿ ಟೋಕನ್ ಕೊಡೋ ಕೆಲಸಕ್ಕೆ ಹೆಸರು ಕೊಟ್ಟಿದ್ದೆ. ವಾಪಸ್ ತಗೊಳ್ಳಲಾ?’ ಎಂದು ಕೇಳಿದ. ಜನರ ನಂಬಿಕೆ ಬೇಕು ಎನ್ನುವ ವ್ಯವಸ್ಥೆಯೇ ಆ ನಂಬಿಕೆಯ ಸೇತುವೆ ಆಗಬೇಕಾದವರನ್ನು ಹೀಗೆ ಕಳೆದುಕೊಳ್ಳುತ್ತದೆ.

ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದಕ್ಕೆ ನೂರಿಪ್ಪತ್ತೈದು ವರ್ಷ ಹಿಂದಿನ ಮುಂಬಯಿ ಸಾಕ್ಷಿ. ಅಲ್ಲಿ ಪ್ಲೇಗ್ ಹಬ್ಬಿದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಆಗ ಇಪ್ಪತ್ತೂ ತುಂಬದ ಮೂರನೇ ಆಗಾಖಾನ್ ತಮ್ಮ ಖೋಜಾ ಅನುಯಾಯಿಗಳ ಎದುರು ಬಹಿರಂಗವಾಗಿ ಆ ಲಸಿಕೆ ಹಾಕಿಸಿಕೊಂಡರು. ಹಾಫ್‌ಕಿನ್‌ನ ಕೆಲಸಕ್ಕೆ ಜಾಗ ಕೊಟ್ಟರು. ಗುರುವೇ ತೋಳು ಚಾಚಿದ ಮೇಲೆ ಖೋಜಾಗಳು ಸಾಲಾಗಿ ಬಂದರು. ಅದೇ ಮುಂಬಯಿಯಲ್ಲಿ, 1898ರ ಮಾರ್ಚ್‌ನಲ್ಲಿ, ಪ್ಲೇಗ್ ಶೋಧಕರು ಜುಲಾಹ ನೇಕಾರರ ಕೇರಿಗೆ ಹೋಗಿ, ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಪರೀಕ್ಷಿಸಲೇಬೇಕೆಂದು ಹಟ ಹಿಡಿದಾಗ ಗಲಭೆಯಾಯಿತು. ಗುಂಡು ಹಾರಿತು, ಜನ ಸತ್ತರು. ಊರು ಒಂದೇ, ರೋಗ ಒಂದೇ, ಧರ್ಮವೂ ಒಂದೇ. ಒಂದು ಕಡೆ ತಮ್ಮವರು ಮುಂದೆ ನಿಂತರು, ಇನ್ನೊಂದು ಕಡೆ ಪೊಲೀಸರು ಬಾಗಿಲಲ್ಲಿ ನಿಂತರು. ವ್ಯತ್ಯಾಸ ಅಷ್ಟೇ.

ಇಷ್ಟು ಹಿಂದೆ ಹೋಗುವುದೂ ಬೇಡ. ಉತ್ತರ ಪ್ರದೇಶದಲ್ಲಿ ಈ ಶತಮಾನದ ಆರಂಭದಲ್ಲಿ ಪೋಲಿಯೊ ಹನಿಗೆ ಮುಸ್ಲಿಂ ಮನೆಗಳು ಬಾಗಿಲು ಮುಚ್ಚಿದ್ದವು. ಆಮೇಲೆ ಅಲೀಗಢ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್‌ಗಳನ್ನು ಕೆಲಸಕ್ಕೆ ಸೇರಿಸಿಕೊಂಡರು. ಮಸೀದಿಯ ಮೈಕಿನಲ್ಲಿ ಪೋಲಿಯೊ ಭಾನುವಾರದ ಘೋಷಣೆ ಮೊಳಗಿತು. ಅದೇ ಗಲ್ಲಿಯ ಹೆಂಗಸರನ್ನು ಮನೆಮನೆಗೆ ಕಳಿಸಿದರು. ಬಾಗಿಲುಗಳು ತೆರೆದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಇಷ್ಟು ದೊಡ್ಡ ಪಾಠವನ್ನು ಕೈಯಲ್ಲಿಟ್ಟುಕೊಂಡೇ ನಾವು 2021ನ್ನು ಆ್ಯಪ್‌ನಿಂದ ಆರಂಭಿಸಿದೆವು. ಧಾರ್ಮಿಕ ಮುಖಂಡರ ನೆರವು ಪಡೆದು ಮನೆಮನೆಗೆ ಹೋಗಿ ಎಂದು ಪ್ರಧಾನಿಯವರು ಹಿಂದುಳಿದ ಜಿಲ್ಲೆಗಳ ಅಧಿಕಾರಿಗಳಿಗೆ ಹೇಳಿದ್ದು ನವೆಂಬರ್ 3ರಂದು. ಆಗ ಅಭಿಯಾನಕ್ಕೆ ಹತ್ತು ತಿಂಗಳಾಗುತ್ತ ಬಂದಿತ್ತು.

ನಮ್ಮ ಮೊಹಲ್ಲಾದಲ್ಲಿ ಏನಾಯಿತು? ಮಾರ್ಚ್‌ನಲ್ಲಿ ಶಾದಿ ಮಹಲ್ ಬಿಟ್ಟುಕೊಡಿ, ಆರೋಗ್ಯ ಇಲಾಖೆಯವರನ್ನು ಇಲ್ಲಿಗೇ ಕರೆಸೋಣ ಎಂದು ನಾಲ್ಕು ಹುಡುಗರು ಕಮಿಟಿಗೆ ಅರ್ಜಿ ಕೊಟ್ಟರು. ‘ಯಾರಿಗಾದರೂ ಹೆಚ್ಚುಕಡಿಮೆ ಆದರೆ ಹೊಣೆ ಯಾರು?’ ಎಂದು ಹಿರಿಯರು ಕೇಳಿದರು. ಲಗ್ನದ ಮುಂಗಡ ಬುಕ್ಕಿಂಗ್ ಇದೆ ಎಂದರು. ಕೊನೆಗೆ ಆಗಸ್ಟಿನಲ್ಲಿ, ನಾಲ್ಕೈದು ಜನಾಜಾಗಳು ಹೋದ ಮೇಲೆ ಬೀಗ ತೆಗೆದರು. ಹಿಂದಿನ ರಾತ್ರಿ ಉರ್ದು ಶಾಲೆಯ ಟೀಚರ್ ಒಬ್ಬರು ನೋಟ್‌ಬುಕ್ಕಿನಲ್ಲಿ ಹತ್ತು ಹತ್ತು ಹೆಸರಿನ ಪಟ್ಟಿ ಮಾಡಿದ್ದರು. ಹೆಂಗಸರಿಗೆ ಪರದೆ ಕಟ್ಟಿ ಬೇರೆ ಜಾಗ, ಚುಚ್ಚಲು ಇಬ್ಬರು ಸಿಸ್ಟರ್‌ಗಳು. ಇಮಾಮ್ ಸಾಹೇಬರು ಎಲ್ಲರೆದುರು ಮೊದಲ ಕುರ್ಚಿಯಲ್ಲಿ ಕೂತು ಜುಬ್ಬಾದ ತೋಳು ಮಡಚಿದರು. ಜೋಹರ್ ಅಜಾನಿನ ಹೊತ್ತಿಗೆ ತಂದಿದ್ದ ಲಸಿಕೆ ಮುಗಿದು, ಇನ್ನೂ ತನ್ನಿ ಎಂದು ಹೆಂಗಸರು ಜಗಳ ತೆಗೆದರು. ಹಿಂಜರಿಕೆ ಎಲ್ಲಿಗೆ ಹೋಗಿತ್ತು? ಅದು ಜನರಲ್ಲಿ ಇದ್ದದ್ದಕ್ಕಿಂತ ಹೆಚ್ಚು ಆ ಶಾದಿ ಮಹಲಿನ ಬೀಗದಲ್ಲಿತ್ತು. ಇಲಾಖೆಯ ಕಡತದಲ್ಲಿತ್ತು.

2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಮಹಾಮಾರಿಗಳನ್ನು ಎದುರಿಸುವ ಒಪ್ಪಂದವೊಂದನ್ನು ಅಂಗೀಕರಿಸಿತು. ದೇಶ ದೇಶಗಳ ನಡುವೆ ಲಸಿಕೆ ನ್ಯಾಯವಾಗಿ ಹಂಚಿಕೆಯಾಗಬೇಕು ಎಂಬ ಆಶಯ ಅದರಲ್ಲಿದೆ. ಒಳ್ಳೆಯದು. ವಾರ್ಡು ವಾರ್ಡುಗಳ ನಡುವೆ ನ್ಯಾಯವಾಗಿ ಹಂಚುವ ಒಪ್ಪಂದವನ್ನು ಯಾರು ಮಾಡುತ್ತಾರೆ? ಮುಂದಿನ ರೋಗ ಬರುವ ಮೊದಲೇ ಪ್ರತಿ ವಾರ್ಡಿನ ಶಾದಿ ಮಹಲ್, ಸಮುದಾಯ ಭವನ, ಶಾಲೆಗಳ ಪಟ್ಟಿ ಸಿದ್ಧವಿರಬೇಕು ಎಂದು ನಾವು ಜಿಲ್ಲಾಡಳಿತವನ್ನು ಕೇಳಬೇಕು. ಹೆಸರು ಬರೆಸಲು ಮೊಬೈಲ್ ಬೇಕೇ ಬೇಕೆಂಬ ನಿಯಮ ಮತ್ತೆ ಬರಕೂಡದು. ಕೂಲಿ ಬಿಟ್ಟ ಮೇಲೆ, ಸಂಜೆಯ ಹೊತ್ತು ಕೇಂದ್ರ ತೆರೆದಿರಬೇಕು. ಚುಚ್ಚಿಸಿಕೊಂಡ ಮರುದಿನ ಜ್ವರ ಬಂದು ಮಲಗುವವರಿಗೆ ಮಾಲೀಕರು ಅಂದಿನ ಕೂಲಿ ಕೊಡಬೇಕು. ಅವರು ಕೊಡದಿದ್ದರೆ ನಮ್ಮ ಬೈತುಲ್ ಮಾಲ್ ಇರುವುದು ಇನ್ನು ಯಾತಕ್ಕೆ? ಕಮಿಟಿಯ ಚುನಾವಣೆಗೆ ನಿಲ್ಲುವವರನ್ನು ಈ ಬಾರಿ ಮಿನಾರದ ಎತ್ತರದ ಬಗ್ಗೆ ಕೇಳುವುದು ಬೇಡ. ಬೀಗದ ಕೈ ಯಾರ ಬಳಿ ಇರುತ್ತದೆ, ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳೋಣ.

ಆಗಷ್ಟೇ ನಲವತ್ತೈದು ದಾಟಿದ್ದ ನಾನು ಆ ಏಪ್ರಿಲ್ ಮೊದಲ ವಾರದಲ್ಲೇ ಖಾಸಗಿ ಆಸ್ಪತ್ರೆಯೊಂದರಲ್ಲಿ 250 ರೂಪಾಯಿ ಕೊಟ್ಟು ಲಸಿಕೆ ಹಾಕಿಸಿಕೊಂಡಿದ್ದೆ. ತೋಳಿನ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ. ನಮ್ಮ ಜನರ ಮೌಢ್ಯದ ಬಗ್ಗೆ ಅದರ ಕೆಳಗೆ ಎರಡು ಸಾಲು ಬರೆದಿದ್ದೆ. ಗಾಡಿಯ ಹಿಂದಿನ ಸೀಟು ಖಾಲಿಯಿತ್ತು. ಖಾಲಾರ ಮನೆ ದಾರಿಯಲ್ಲೇ ಇತ್ತು. ಅವರು ಎರಡು ಸಲ ಹೋಗಿ ಬಂದಿದ್ದಾರೆಂದು ನನಗೆ ಗೊತ್ತಾದದ್ದು ಅವರ ಮಯ್ಯತ್ತಿನ ದಿನ.

ಮಾರ್ಚ್‌ನ ಆ ಮಧ್ಯಾಹ್ನ ಒಂದು ಬಾಟಲಿ ತೆರೆಯಲು ನಾಲ್ಕು ಜನ ಕಡಿಮೆಯಿದ್ದರು. ಅದೇ ಹೊತ್ತಿಗೆ ಜೋಹರ್ ಮುಗಿಸಿ ನಮ್ಮ ಮಸೀದಿಯ ಕಟ್ಟೆಯ ಮೇಲೆ ಹರಟುತ್ತ ಕೂತಿದ್ದ, ಅರವತ್ತು ದಾಟಿದ ಗಂಡಸರು ನಾಲ್ವರಿಗಿಂತ ಹೆಚ್ಚಿದ್ದರು. ಅವರನ್ನು ಆಟೋ ಹತ್ತಿಸಿ ಕಳಿಸುವವರು ಯಾರೂ ಇರಲಿಲ್ಲ. ಆ ಕೆಲಸ ಸಿಸ್ಟರ್‌ದೂ ಅಲ್ಲ, ದಿಲ್ಲಿಯದೂ ಅಲ್ಲ. ನಮ್ಮದಾಗಿತ್ತು.